ಶಾಸನಸೂಚಿಯೂ ಜಾಲತಾಣವೂ

ನಮ್ಮ ಶಾಸನಸೂಚಿಯು ಮೈಕ್ರೋಸಾಫ್ಟ್ ಆಕ್ಸೆಸ್‌ನ ಒಂದೇ ಕಡತದಲ್ಲಿದೆ. ಅದನ್ನು ಜಾಲತಾಣಕ್ಕೆ ಜೋಡಿಸುವ ಸಾಧನ ಯಾವುದೆಂಬುದೇ ಇಲ್ಲಿಯ ವಿಚಾರ. ಆಕ್ಸೆಸ್ ಕೆಲವರೇ ಬಳಸಲು ತಕ್ಕುದು. ಅದರ ಕಡತ 2 ಗಿಗಾಬೈಟನ್ನು ಮೀರಲಾರದು. ಆ ಕಡತವನ್ನೇ ಜಾಲತಾಣದ ಹಿಂದಿರಿಸಿದರೆ, ಅನೇಕರು ಏಕಕಾಲಕ್ಕೆ ಬಂದಾಗ ಕೆಡುವ ಭಯವುಂಟು. ಶೇರ್‌ಪಾಯಿಂಟ್ ಆನ್‌ಲೈನ್‌ನಲ್ಲಿದ್ದ ಆಕ್ಸೆಸ್ ಜಾಲ ಸೌಲಭ್ಯವೂ 2018ರಲ್ಲಿ ನಿಂತುಹೋಯಿತು. ಆದುದರಿಂದ ಕೋಷ್ಟಕಗಳನ್ನು ಮೈಎಸ್‌ಕ್ಯೂಎಲ್‌ಗೆ ಸಾಗಿಸಿ, ಪುಟಗಳನ್ನು ಪಿಎಚ್‌ಪಿಯಲ್ಲಿ ರಚಿಸುವುದೇ ಲೇಸೆಂದು ನಾವು ಭಾವಿಸುತ್ತೇವೆ. ಒಡಿಬಿಸಿ ಎಂಬ ಸೇತುವಿನ ಮೂಲಕ ಆಕ್ಸೆಸ್‌ನ ಹಳೆಯ ನಮೂನೆಗಳಲ್ಲಿಯೇ ವಿವರಗಳನ್ನು ತುಂಬುತ್ತಿರಬಹುದು.

ಇದಕ್ಕೂ ಮೊದಲಿನ ಕೆಲಸವೊಂದಿದೆ, ಸಾಧನದ ಆಯ್ಕೆಗಿಂತ ಅದೇ ಕಠಿನ. ‘ನುಡಿ’ ತಂತ್ರಾಂಶದ ಹಳೆಯ ಸಂಕೇತಗಳಲ್ಲಿರುವ ಪಾಠಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವೊತ್ತುಗಳನ್ನು ಮೂಲದೊಡನೆ ಹೋಲಿಸಿ ನೋಡಬೇಕು. ಇಲ್ಲದಿದ್ದರೆ ‘ಧರ್ಮ’ ಎಂದು ಹುಡುಕಿದ ವಿದ್ಯಾರ್ಥಿಗೆ ಸೂಚಿಯಲ್ಲಿರುವ ಶಾಸನವೂ ದೊರೆಯದು.