ಅಳತೆಯ ಉಪಕರಣಕ್ಕೂ ಒಂದು ವಿಳಾಸ

ಪರೀಕ್ಷಾ ಮೇಜಿನ ಮೇಲಿರುವ ಆಸಿಲೋಸ್ಕೋಪ್ ಅಥವಾ ಉತ್ತಮ ದರ್ಜೆಯ ಡಿಜಿಟಲ್ ಮಲ್ಟಿಮೀಟರಿನ ಹಿಂಬದಿಯನ್ನು ಒಮ್ಮೆ ನೋಡಿದರೆ, ಗಣಕಯಂತ್ರಕ್ಕಿರುವಂತಹುದೇ ಲ್ಯಾನ್ ಪೋರ್ಟ್ ಸಾಮಾನ್ಯವಾಗಿ ಕಾಣಸಿಗುತ್ತದೆ. ಅನೇಕ ಸಣ್ಣ ಘಟಕಗಳಲ್ಲಿ ಅದಕ್ಕೆ ಇದುವರೆಗೆ ಕೇಬಲನ್ನೇ ಹಾಕಿರುವುದಿಲ್ಲ. ಹಣ ತೆತ್ತು ಕೊಂಡ ಸೌಲಭ್ಯ ಧೂಳು ತಿನ್ನುತ್ತಿರುವಾಗ, ಪರೀಕ್ಷಕರು ಅಂಕಿಗಳನ್ನು ಕಣ್ಣಳತೆಯಲ್ಲಿ ಓದಿ ರಿಜಿಸ್ಟರಿಗೆ ಏರಿಸುತ್ತಿರುತ್ತಾರೆ. 4.87 ಎಂಬುದು 4.78 ಆಗಲು ಒಂದು ಆಕಳಿಕೆ ಸಾಕು. ಅದರಿಂದಾಗಿ ಸರಕು ತಿರಸ್ಕೃತಗೊಂಡರೆ ಹಿಂದಿರುಗಿ ತರುವ ಬಾಡಿಗೆಯೂ ನಮ್ಮ ತಲೆಯ ಮೇಲೆಯೇ.

ಉಪಕರಣವನ್ನು ಗಣಕಯಂತ್ರಕ್ಕೆ ಜೋಡಿಸುವ ವಿಚಾರ ಹೊಸದೇನಲ್ಲ. 1975ರಲ್ಲಿ ಐಇಇಇ-488 ಎಂಬ ಮಾನಕವಾದ ಜಿಪಿಐಬಿ ವ್ಯವಸ್ಥೆ ದಶಕಗಳ ಕಾಲ ಪ್ರಯೋಗಾಲಯಗಳನ್ನು ಆಳಿತು. ಆದರೆ ಅದರ ದಪ್ಪ ಕೇಬಲು, ಪ್ರತ್ಯೇಕ ಕಾರ್ಡುಗಳ ವೆಚ್ಚ ಸಣ್ಣ ಉದ್ದಿಮೆದಾರರಿಗೆ ಹೊರೆಯೇ ಆಗಿತ್ತು. 2005ರಲ್ಲಿ ಪ್ರಕಟವಾದ ಎಲ್‌ಎಕ್ಸ್‌ಐ ಮಾನಕವು ಕಚೇರಿಯ ಸಾಮಾನ್ಯ ಲ್ಯಾನ್ ಕೇಬಲಿನಲ್ಲಿಯೇ ಈ ಕಾರ್ಯವನ್ನು ಸಾಧ್ಯವಾಗಿಸಿತು.

ತೊಡಕು ಬರುವುದು ವಿಳಾಸ ನೀಡುವಲ್ಲಿ. ಉಪಕರಣದ ಮೆನುವಿನಲ್ಲಿ ಡಿಎಚ್‌ಸಿಪಿಯನ್ನು ಆಯ್ದುಕೊಂಡರೆ ರೂಟರೇ ಐಪಿ ವಿಳಾಸವನ್ನು ಒದಗಿಸುತ್ತದೆ. ಇದು ಸುಲಭವೇನೋ ಹೌದು. ಆದರೆ ಆ ವಿಳಾಸ ಮುಂದೆ ಬದಲಾಗಬಹುದು, ಗಣಕಯಂತ್ರದ ತಂತ್ರಾಂಶವು ಹಳೆಯ ವಿಳಾಸದಲ್ಲೇ ಹುಡುಕುತ್ತಿರುತ್ತದೆ. ಆದುದರಿಂದ ಪರೀಕ್ಷಾ ಮೇಜಿಗೆ ಸ್ಥಿರ ವಿಳಾಸವೇ ಲೇಸೆಂಬುದು ನಮ್ಮ ಅಭಿಪ್ರಾಯ. ಗಣಕಯಂತ್ರದ್ದು 192.168.1.10 ಆಗಿದ್ದರೆ ಉಪಕರಣಕ್ಕೆ 192.168.1.50 ನೀಡಬಹುದು. ಸಬ್‌ನೆಟ್ ಮಾಸ್ಕ್ ಎರಡರಲ್ಲಿಯೂ 255.255.255.0 ಇರಲಿ. ಮೊದಲ ಮೂರು ಭಾಗಗಳು ಒಂದೇ ಆಗಿದ್ದು, ಕೊನೆಯದು ಮಾತ್ರ ಬೇರೆಯಾಗಿರಬೇಕು. ರೂಟರು ತಾನಾಗಿ ಹಂಚುವ ಸಂಖ್ಯೆಗಳ ವ್ಯಾಪ್ತಿಯಿಂದ ಇದು ಹೊರಗಿರತಕ್ಕದ್ದು.

ಈ ಕೊನೆಯ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಘಟಕದಲ್ಲಿ ವಿಚಾರಿಸದೆ ಕೊಟ್ಟ ಸಂಖ್ಯೆ ಹಾಜರಾತಿ ಯಂತ್ರದ್ದೇ ಆಗಿತ್ತು. ಮೀಟರು ಒಮ್ಮೆ ಸಿಗುವುದು, ಒಮ್ಮೆ ಮಾಯವಾಗುವುದು. ಕೇಬಲು ಬದಲಿಸಿ, ಸ್ವಿಚ್ಚು ಬದಲಿಸಿ ಅರ್ಧ ದಿನ ಕಳೆದೆವು. ಕಾರ್ಮಿಕರ ಹಾಜರಾತಿಯೂ ಅಂದು ಅಸ್ತವ್ಯಸ್ತ!

ಪರದೆಯ ಮೇಲೆ 169.254 ಎಂದು ಆರಂಭವಾಗುವ ವಿಳಾಸ ಕಂಡುಬಂದರೆ, ರೂಟರಿನಿಂದ ಉತ್ತರ ಬಾರದೆ ಉಪಕರಣವು ತಾನೇ ವಿಳಾಸ ಆಯ್ದುಕೊಂಡಿದೆ ಎಂದರ್ಥ; ಮೊದಲು ಕೇಬಲನ್ನು ಪರೀಕ್ಷಿಸಬೇಕು. ಗಣಕಯಂತ್ರದಿಂದ ಪಿಂಗ್ ಮಾಡಿದಾಗ ಉತ್ತರ ಬಂದರೂ ತಂತ್ರಾಂಶ ಸಂಪರ್ಕಿಸದಿದ್ದಲ್ಲಿ ಪೋರ್ಟ್ ಸಂಖ್ಯೆಯನ್ನು ಗಮನಿಸಿ. ಅನೇಕ ಉಪಕರಣಗಳಲ್ಲಿ ಅದು 5025, ಆದರೆ ಎಲ್ಲದರಲ್ಲೂ ಅಲ್ಲ, ಕೈಪಿಡಿಯೇ ಪ್ರಮಾಣ. ಗಣಕಯಂತ್ರದ ಫೈರ್‌ವಾಲ್ ತಡೆಯುತ್ತಿರುವ ಸಾಧ್ಯತೆಯೂ ಉಂಟು. ಎಲ್‌ಎಕ್ಸ್‌ಐ ಉಪಕರಣವಾದರೆ ಬ್ರೌಸರಿನಲ್ಲಿ ವಿಳಾಸವನ್ನು ಟೈಪಿಸಿದೊಡನೆ ಅದರ ಪುಟವೇ ತೆರೆದು ಮಾದರಿ, ಕ್ರಮಸಂಖ್ಯೆಗಳನ್ನು ತೋರಿಸುತ್ತದೆ.

ಹಳೆಯ ಆಸಿಲೋಸ್ಕೋಪುಗಳಲ್ಲಿ ಕೆಲವು ವಿಂಡೋಸ್ ಎಕ್ಸ್‌ಪಿಯಿಂದ ನಡೆಯುತ್ತವೆ. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲಿನಲ್ಲಿಯೇ ಮುಗಿದಿದೆ. ಅಂತಹವುಗಳನ್ನು ಅಂತರ್ಜಾಲಕ್ಕೆ ತೆರೆಯದೆ ಪ್ರತ್ಯೇಕ ಸ್ವಿಚ್ಚಿನಲ್ಲಿಡುವುದು ಕ್ಷೇಮ. ಸ್ವಿಚ್ಚಿಗೆ ತಗಲುವ ವೆಚ್ಚ ಅಲ್ಪವೇ.

ಕ್ಯಾಲಿಬ್ರೇಷನ್‌ಗೆ ಹೋಗಿ ಬಂದ ಉಪಕರಣದ ಸೆಟ್ಟಿಂಗುಗಳು ಕೆಲವೊಮ್ಮೆ ಮೂಲಸ್ಥಿತಿಗೆ ಮರಳಿರುತ್ತವೆ. ಕಳುಹಿಸುವ ಮುನ್ನ ವಿಳಾಸ, ಮಾಸ್ಕ್, ಪೋರ್ಟ್ ಮೂರನ್ನೂ ಚೀಟಿಯಲ್ಲಿ ಬರೆದು ಉಪಕರಣದ ಬದಿಗೆ ಅಂಟಿಸಿಡುವುದು ಒಳಿತು.