ಒಂಟಿ ಸೀನು

ಮೊಣಕಾಲಿನ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಗೆ ಇನ್ನು ನಾಲ್ಕೇ ದಿನ ಉಳಿದಿದ್ದಿತು. ಬೆಳಗಿನ ಜಾವ ಒಂದು ಸೀನು ಬಂದಿತು. ಹೊರಟವನಿಗೆ ಒಂಟಿ ಸೀನು ಅಪಶಕುನವೆಂದು ನನ್ನಜ್ಜಿ ಹೇಳುತ್ತಿದ್ದಳು. ಎರಡನೆಯದಕ್ಕಾಗಿ ಕಾದೆ. ಅದೂ ಬಂದಿತು; ಬೆನ್ನಲ್ಲೇ ಗಂಟಲ ಕೆರೆತವೂ ಬಂದಿತು.

ಮರೆಮಾಚೋಣವೆನ್ನಿಸಿತು. ಮಗಳು ರಜ ಪಡೆದು ದೂರದೂರಿನಿಂದ ಬಂದಿದ್ದಳು. ಎರಡು ವರ್ಷದಿಂದ ಮೆಟ್ಟಿಲುಗಳನ್ನು ಕುಳಿತೇ ಇಳಿಯುತ್ತಿದ್ದವನಿಗೆ ದಿನ ಮುಂದೆ ಹೋಗುವುದೆಂದರೆ ಸಾಮಾನ್ಯವೆ? ಇನ್ನೆರಡು ಗುಟ್ಟುಗಳೂ ಇದ್ದುವು: ಬಾಲ್ಯದಲ್ಲಿ ಪೆನಿಸಿಲಿನ್ ಚುಚ್ಚಿದಾಗ ಮೈಯೆಲ್ಲ ದದ್ದೆದ್ದಿತ್ತಂತೆ, ಅಗ್ಗದ ಲೋಹದ ಗಡಿಯಾರಪಟ್ಟಿ ಕಟ್ಟಿದರೆ ಇಂದಿಗೂ ಮಣಿಕಟ್ಟು ತುರಿಸುತ್ತದೆ.

ಇಂಗ್ಲೆಂಡಿನ ಜಾನ್ ಚಾರ್ನ್ಲಿ 1960ರ ದಶಕದಲ್ಲಿ ಸೊಂಟದ ಕೀಲು ಬದಲಿಸುವಾಗ ಸೋಂಕಿಗೆ ಅಂಜಿ, ಶಸ್ತ್ರಕೊಠಡಿಯ ಗಾಳಿಯನ್ನೇ ಶೋಧಿಸಲು ಹೊರಟವರು. ನಾನೋ ಸೀನನ್ನು ಕರವಸ್ತ್ರದಲ್ಲಿ ಬಚ್ಚಿಟ್ಟುಕೊಂಡು ಅಂಥ ಕೊಠಡಿಯನ್ನು ಹೊಗಲು ಹವಣಿಸಿದ್ದೆ! ನಾಚಿಕೆಯಾಗಿ ವೈದ್ಯರಿಗೆ ಎಲ್ಲವನ್ನೂ ಅರುಹಿದೆ.

ಅವರು ಗದರಲಿಲ್ಲ. ನೆಗಡಿಗಿಂತ ಹೆಚ್ಚಾಗಿ ಹುಳುಕು ಹಲ್ಲು, ಕುರು, ಗಾಯಗಳನ್ನೇ ಕೆದಕಿ ಕೇಳಿದರು. "ಅಲ್ಲಿಯ ಕ್ರಿಮಿಗಳು ರಕ್ತದಲ್ಲಿ ಹರಿದು ಹೊಸ ಕೀಲನ್ನು ಸೇರಬಲ್ಲುವು. ಲೋಹಕ್ಕೆ ರಕ್ತನಾಳವಿಲ್ಲ, ಅಂಟಿಕೊಂಡ ಕ್ರಿಮಿಯನ್ನು ಔಷಧ ಮುಟ್ಟುವುದು ಕಷ್ಟ" ಎಂದರು. ಕೆಮ್ಮು ಕಫಗಳಿದ್ದರೆ ಅರಿವಳಿಕೆಗೂ ತೊಡಕಂತೆ. ಮಣಿಕಟ್ಟಿನ ತುರಿಕೆಗೆ ನಿಕ್ಕಲ್ ಕಾರಣವಿರಬಹುದು. ವಾಡಿಕೆಯ ಕೋಬಾಲ್ಟ್-ಕ್ರೋಮಿಯಂ ಕೀಲಿನಲ್ಲಿಯೂ ಅದರ ಅಂಶವುಂಟು. ಆದರೆ ಚರ್ಮ ತುರಿಸಿದವರಿಗೆಲ್ಲ ಕೀಲು ಒಗ್ಗದೆಂದಿಲ್ಲ. ಬೇರೆ ಲೇಪದ ಕೀಲುಗಳೂ ಇವೆ. ಪೆನಿಸಿಲಿನ್ ಅಲರ್ಜಿಯೆಂಬ ಹಣೆಪಟ್ಟಿ ಹೊತ್ತವರಲ್ಲಿ ಬಹುಮಂದಿಗೆ ಪರೀಕ್ಷೆಯಲ್ಲಿ ಏನೂ ಕಾಣದಂತೆ. ನನಗೂ ಪರೀಕ್ಷೆ ಬರೆದುಕೊಟ್ಟರು.

ಶಸ್ತ್ರಚಿಕಿತ್ಸೆ ಮೂರು ವಾರ ಮುಂದಕ್ಕೆ ಹೋಯಿತು. ಮಗಳು ಮಾತಿಲ್ಲದೆ ರಜದ ಅರ್ಜಿಯನ್ನು ಮತ್ತೆ ಬರೆಯಲು ಕುಳಿತಳು. ನಾನು ಎಂದಿನಂತೆ, ಒಂದೊಂದೇ ಮೆಟ್ಟಿಲ ಮೇಲೆ ಕುಳಿತು, ಕೆಳಗಿಳಿದೆ.