ಮೈಯನ್ನೇ ಉಣಿಸುವ ಮೀನು

ನಮ್ಮ ನಡುಮನೆಯಲ್ಲಿರುವ ಗಾಜಿನ ತೊಟ್ಟಿಯನ್ನು ಕಂಡವರು ಕೇಳುವ ಪ್ರಶ್ನೆಗಳು ಎರಡು. ಪಟ್ಟಣದಿಂದ ಬಂದವರು, "ಇದರ ಬೆಲೆ ಎಷ್ಟು?" ಎನ್ನುತ್ತಾರೆ. ಸವಳಂಗದವರು, "ಇದನ್ನು ತಿನ್ನುತ್ತಾರೆಯೆ?" ಎನ್ನುತ್ತಾರೆ. ಎರಡನೆಯ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ, ದೊಡ್ಡ ಕೆರೆಯೊಂದನ್ನು ಮಗ್ಗುಲಲ್ಲಿಟ್ಟುಕೊಂಡು ಬೆಳೆದ ಊರು ಇದು. ಇಲ್ಲಿ ಮೀನೆಂದರೆ ಕೆರೆಯದು, ಬಲೆಯದು, ತಕ್ಕಡಿಯದು. ಅದನ್ನು ಬೆಚ್ಚನೆಯ ನೀರಿನಲ್ಲಿಟ್ಟು, ದಿನಕ್ಕೆ ಐದು ಬಾರಿ ಉಣಿಸಿ, ನಡುರಾತ್ರಿ ಎದ್ದು ಉಷ್ಣಮಾಪಕ ನೋಡುವವನನ್ನು ಕಂಡರೆ ನಗು ಬರುವುದು ಸಹಜವೇ. ಆದರೆ ನಕ್ಕವರೇ ಈಚೆಗೆ ಸಂಜೆಯ ಹೊತ್ತು ಬಂದು, ತೊಟ್ಟಿಯ ಮುಂದೆ ಸದ್ದಿಲ್ಲದೆ ಕುಳಿತು ಹೋಗುತ್ತಿದ್ದಾರೆ. ಅವರು ನೋಡಬರುವುದೇನೆಂಬುದನ್ನು ಓದುಗರಿಗೂ ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೀನಿನ ಹೆಸರು ಡಿಸ್ಕಸ್. ಗ್ರೀಕರು ಆಟದ ಬಯಲಿನಲ್ಲಿ ಎಸೆಯುತ್ತಿದ್ದ ಚಕ್ರದ ಹೆಸರೇ ಇದಕ್ಕೆ ಬಂದಿದೆ. ಎದುರಿನಿಂದ ನೋಡಿದರೆ ಬರಿಯ ಒಂದು ಗೆರೆ. ಮಗ್ಗುಲಿಗೆ ತಿರುಗಿದಾಗ ಊಟದ ತಟ್ಟೆಯಂತೆ ದುಂಡಗೆ ಅರಳುತ್ತದೆ. ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದೀಪ್ರಾಂತ. ಯೋಹಾನ್ ನಾಟರರ್ ಎಂಬ ಸಂಗ್ರಾಹಕನು ರಿಯೊ ನೀಗ್ರೊ ನದಿಯಿಂದ ತಂದ ಮಾದರಿಗಳನ್ನು ನೋಡಿ, ವಿಯೆನ್ನದ ಯಾಕೋಬ್ ಹೆಕೆಲ್ ೧೮೪೦ರಲ್ಲಿ ಇದಕ್ಕೆ ಶಾಸ್ತ್ರೀಯವಾಗಿ ನಾಮಕರಣ ಮಾಡಿದನು. ರಿಯೊ ನೀಗ್ರೊ ಎಂದರೆ ಕರಿಹೊಳೆ. ಕಾಡಿನ ತರಗೆಲೆಗಳು ಕೊಳೆತು ಅಲ್ಲಿಯ ನೀರು ಚಹದ ಕಷಾಯದಂತಿರುತ್ತದೆ. ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಮೆ, ರುಚಿ ಕೊಂಚ ಹುಳಿ, ವರ್ಷವಿಡೀ ಬಿಸುಪು. ಈ ಮೀನನ್ನು ಸಾಕುವವನ ಕಷ್ಟಗಳೆಲ್ಲ ಹುಟ್ಟುವುದು ಈ ಮೂರು ಸಂಗತಿಗಳಿಂದಲೇ. ನಮ್ಮ ಮನೆಯ ಕೊಳವೆಬಾವಿಯ ನೀರನ್ನು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಊರ ಹೆಸರಿನಲ್ಲಿಯೇ ಸವಳು ಇದೆಯಲ್ಲ ಎಂದು ಮಿತ್ರರೊಬ್ಬರು ಹಾಸ್ಯ ಮಾಡಿದರು. ಹಾಸ್ಯವನ್ನು ಯಾರೂ ಪದನಿಷ್ಪತ್ತಿಯೆಂದು ತಿಳಿಯಬೇಕಾದ್ದಿಲ್ಲ.

ಇಂದು ಅಂಗಡಿಗಳಲ್ಲಿ ದೊರೆಯುವ ಡಿಸ್ಕಸ್‌ಗಳಲ್ಲಿ ಹೆಚ್ಚಿನವು ಕಾಡಿನ ಹೊಳೆಯವಲ್ಲ. ಮಲೇಷ್ಯ, ಥಾಯ್ಲೆಂಡ್ ಮೊದಲಾದೆಡೆಯ ತೊಟ್ಟಿಗಳಲ್ಲಿ ತಲೆಮಾರುಗಳಿಂದ ಬೆಳೆದ ಕುಲದವು. ಆದ್ದರಿಂದ ಮೊಟ್ಟೆಯ ಮಾತು ಬರುವವರೆಗೆ ಕೊಂಚ ಗಡುಸಾದ ನೀರನ್ನೂ ಅವು ಸಹಿಸುತ್ತವೆ. ನಾನು ಎರಡಂಗುಲದ ಆರು ಮರಿಗಳನ್ನು ಬೆಂಗಳೂರಿನಿಂದ ತಂದೆ. ಒಂದೆರಡನ್ನೇ ತಂದರೆ ಬಲಿಷ್ಠವಾದದ್ದು ದುರ್ಬಲವಾದದ್ದನ್ನು ಮೂಲೆಗೊತ್ತಿ ಉಪವಾಸ ಕೆಡಹುತ್ತದೆ. ಆರು ಇದ್ದರೆ ಜಗಳ ಹಂಚಿಹೋಗುತ್ತದೆ. ಇನ್ನೂರು ಲೀಟರಿನ ತೊಟ್ಟಿ, ತಳದಲ್ಲಿ ಮರಳಿಲ್ಲ, ಗಿಡವಿಲ್ಲ. ನೋಡುವವರಿಗೆ ಬೋಳು ಬೋಳಾಗಿ ಕಾಣುತ್ತದೆ ನಿಜ. ಆದರೆ ಉಳಿದ ಕೂಳು ಕಣ್ಣಿಗೆ ಬೀಳುತ್ತದೆ, ಕೊಳವೆಯಿಂದ ಹೀರಿ ತೆಗೆಯಬಹುದು. ನೀರು ೨೮ರಿಂದ ೩೦ ಡಿಗ್ರಿ ಸೆಲ್ಸಿಯಸ್. ದಿನವೂ ಕಾಲುಭಾಗ ನೀರನ್ನು ಚೆಲ್ಲಿ, ಹಿಂದಿನ ದಿನವೇ ತುಂಬಿಟ್ಟು ಅದೇ ಬಿಸುಪಿಗೆ ತಂದ ನೀರನ್ನು ಹಾಕಬೇಕು.

ಈ ನೀರಿನ ಕೆಲಸದಲ್ಲಿ ಸೋಮಾರಿತನ ಸಲ್ಲದು. ಮೀನಿನ ಕಿವಿರಿನಿಂದಲೂ ಕೊಳೆಯುವ ಕೂಳಿನಿಂದಲೂ ಅಮೋನಿಯ ಹುಟ್ಟುತ್ತದೆ. ಶೋಧಕದಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಕೊನೆಯದನ್ನು ಹೊರಹಾಕಲು ನಮ್ಮ ಕೈಯೇ ಬೇಕು. ಬೆಳೆಯುವ ಮರಿಗೆ ಈ ಕಾಲದಲ್ಲಿ ತಪ್ಪಿದ ಬೆಳವಣಿಗೆ ಮತ್ತೆ ಬರುವುದಿಲ್ಲ. ಪರೀಕ್ಷೆಯ ಮೌಲ್ಯಮಾಪನಕ್ಕೆಂದು ನಾನು ಹದಿನೈದು ದಿನ ಊರು ಬಿಟ್ಟಿದ್ದೆ. ಮನೆಯವರು ಉಣಿಸುವುದನ್ನು ತಪ್ಪಿಸಲಿಲ್ಲ. ನೀರು ಬದಲಿಸುವ ವಿಧಾನವನ್ನು ಸರಿಯಾಗಿ ಹೇಳಿಕೊಡದೆ ಹೋದವನು ನಾನೇ. ಐದು ಮರಿಗಳು ಹೇಗೋ ತಾಳಿಕೊಂಡವು. ಆರನೆಯದರ ಕಣ್ಣು ಮಾತ್ರ ಬೆಳೆಯಿತು, ಮೈ ಬೆಳೆಯಲಿಲ್ಲ. ದೊಡ್ಡ ಕಣ್ಣಿನ ಆ ಪುಟ್ಟ ಮೀನು ಇಂದಿಗೂ ತೊಟ್ಟಿಯಲ್ಲಿದೆ. ನಾನು ಹತ್ತಿರ ಹೋದರೆ ಎಲ್ಲಕ್ಕಿಂತ ಮೊದಲು ಎದುರಿಗೆ ಬರುವುದು ಅದೇ.

ಜುಲೈ ತಿಂಗಳ ಒಂದು ಇರುಳು ಗಾಳಿಮಳೆಗೆ ಮರ ಬಿದ್ದು ವಿದ್ಯುತ್ತು ಹೋಯಿತು. ಶಾಖದ ಕಡ್ಡಿ ಆರಿತು, ಗಾಳಿಯ ಪಂಪು ನಿಂತಿತು. ಬೆಳಗಿನ ನಾಲ್ಕರ ವೇಳೆಗೆ ಉಷ್ಣಮಾಪಕ ೨೪ಕ್ಕೆ ಇಳಿದಿತ್ತು. ಮೀನುಗಳು ಕಪ್ಪಾಗಿ ಮೂಲೆಯಲ್ಲಿ ಓರೆಯಾಗಿ ನಿಂತಿದ್ದವು. ನಾವಿಬ್ಬರೂ ಒಲೆಯಲ್ಲಿ ನೀರು ಕಾಯಿಸಿ ಸೀಸೆಗಳಲ್ಲಿ ತುಂಬಿ, ಬಿರಡೆ ಬಿಗಿದು ತೊಟ್ಟಿಯಲ್ಲಿ ತೇಲಿಬಿಟ್ಟೆವು, ಕಂಬಳಿಯನ್ನು ಸುತ್ತಿದೆವು, ಚೊಂಬಿನಿಂದ ನೀರೆತ್ತಿ ಎತ್ತಿ ಸುರಿದೆವು. ಬೆಳಕು ಹರಿದಾಗ ಐದು ಉಳಿದಿದ್ದವು. ಕುಳ್ಳನು ಉಳಿದಿದ್ದನು! ಹೋದದ್ದು ಎಲ್ಲಕ್ಕಿಂತ ದೊಡ್ಡದು.

ವರ್ಷ ತುಂಬುವ ವೇಳೆಗೆ ಎರಡು ಮೀನುಗಳು ಜೊತೆಗೂಡಿ ಉಳಿದವನ್ನು ಅಟ್ಟತೊಡಗಿದವು. ಅವಕ್ಕೆ ಬೇರೆ ತೊಟ್ಟಿ ಕೊಟ್ಟು, ಮಣ್ಣಿನ ಹೂಜಿಯೊಂದನ್ನು ತಲೆಕೆಳಗಾಗಿ ಇಟ್ಟೆ. ಹೂಜಿಯ ಮೈಮೇಲೆ ಸಾಲುಸಾಲಾಗಿ ನೂರಕ್ಕೂ ಹೆಚ್ಚು ಮೊಟ್ಟೆಗಳು ಬಂದವು. ಎರಡೇ ದಿನದಲ್ಲಿ ಎಲ್ಲವೂ ಬೆಳ್ಳಗಾಗಿ ಬೂಸಲು ಹಿಡಿದವು. ಎರಡನೆಯ ಬಾರಿಯೂ ಹಾಗೆಯೇ. ಕಾರಣ ಪಾತ್ರೆಯ ತಳದಲ್ಲಿದ್ದ ಆ ಬಿಳಿಯ ಪೊರೆ. ದೊಡ್ಡ ಮೀನು ಸಹಿಸುವ ಗಡುಸು ನೀರಿನಲ್ಲಿ ಮೊಟ್ಟೆ ಫಲಿಸುವುದು ಕಷ್ಟ. ಪರಿಹಾರವನ್ನು ಮಲೆನಾಡಿನ ಸೆರಗಿನಲ್ಲಿರುವ ಊರಿಗೆ ಆಕಾಶವೇ ಒದಗಿಸಿತು. ಮೊದಲ ಮಳೆಗಳು ಮಾಡನ್ನು ತೊಳೆದುಹೋಗಲು ಬಿಟ್ಟು, ಅನಂತರದ ನೀರನ್ನು ಹಂಡೆಗಳಲ್ಲಿ ಹಿಡಿದು, ಬಾವಿಯ ನೀರಿಗೆ ಮುಕ್ಕಾಲು ಪಾಲು ಬೆರೆಸಿದೆ. ಮೂರನೆಯ ಸಲದ ಮೊಟ್ಟೆಗಳು ಎರಡೂವರೆ ದಿನದಲ್ಲಿ ಒಡೆದು ಬಾಲಗಳು ಅಲುಗಾಡಿದವು. ಸಂತೋಷ ತಡೆಯಲಾರದೆ ನಾನು ರಾತ್ರಿ ಬ್ಯಾಟರಿ ಹಿಡಿದು ಬಗ್ಗಿ ನೋಡಿದೆ. ಬೆಳಗಾಗುವಷ್ಟರಲ್ಲಿ ಬೆದರಿದ ತಾಯ್ತಂದೆಯರು ಎಲ್ಲವನ್ನೂ ನುಂಗಿದ್ದವು.

ಮೊಟ್ಟೆಗಳನ್ನು ಬೇರ್ಪಡಿಸಿ ಕೈಯಾರೆ ಸಾಕುವ ಉಪಾಯಗಳುಂಟು. ಒಣಗಿಸಿದ ಕೋಳಿಮೊಟ್ಟೆಯ ಪುಡಿಯನ್ನು ಬಟ್ಟಲಿಗೆ ಬಳಿದು ಗಂಟೆಗಂಟೆಗೂ ಉಣಿಸುವವರಿದ್ದಾರೆ. ನನಗೆ ಮನಸ್ಸು ಬರಲಿಲ್ಲ. ನಾಲ್ಕನೆಯ ಸಲ ತೊಟ್ಟಿಯ ಮೂರು ಮಗ್ಗುಲಿಗೆ ಹಳೆಯ ಪಂಚೆ ಇಳಿಬಿಟ್ಟು, ರಾತ್ರಿ ಸಣ್ಣ ದೀಪವೊಂದನ್ನು ಉರಿಯಬಿಟ್ಟು, ಮಕ್ಕಳಿಗೂ ನನಗೂ ಹತ್ತಿರ ಸುಳಿಯದಂತೆ ಕಟ್ಟು ಮಾಡಿದೆ.

ಒಡೆದ ಮೂರನೆಯ ದಿನ ಮರಿಗಳು ಹೂಜಿಯನ್ನು ಬಿಟ್ಟು ಈಜತೊಡಗಿದವು. ಈಜಿದ್ದು ಎಲ್ಲಿಗೆ? ನೇರವಾಗಿ ತಂದೆಯ ಮೈಗೆ! ರೆಪ್ಪೆಗೂದಲಿನಷ್ಟು ಸಣ್ಣ ಮರಿಗಳು ಗುಂಪಾಗಿ ಅದರ ಮಗ್ಗುಲಿಗೆ ಅಂಟಿ, ಚರ್ಮದ ಮೇಲಣ ಲೋಳೆಯನ್ನು ಮೇಯತೊಡಗಿದವು. ಮೊದಲ ದಿನಗಳಲ್ಲಿ ಅವಕ್ಕೆ ಅದೇ ಅನ್ನ. ಸ್ವಲ್ಪ ಹೊತ್ತಿನ ಮೇಲೆ ತಾಯಿ ಮೆಲ್ಲನೆ ಮಗ್ಗುಲಿಗೆ ಬಂದು ನಿಲ್ಲುತ್ತದೆ. ತಂದೆ ಮೈಯನ್ನು ಒಮ್ಮೆ ಸರಕ್ಕನೆ ಒದರಿ ಜಾರಿಕೊಳ್ಳುತ್ತದೆ. ಆಧಾರ ತಪ್ಪಿದ ಮರಿಗಳ ಮೋಡ ಒಂದು ಕ್ಷಣ ತತ್ತರಿಸಿ ತಾಯಿಯ ಮೈಗೆ ಹೋಗಿ ಕೂರುತ್ತದೆ. ತೊಟ್ಟಿಯ ಮುಂದೆ ನೆರೆಯ ಜನ ಸುಮ್ಮನೆ ಕುಳಿತು ಕಾಯುವುದು ಈ ಒಂದು ಒದರಿಕೆಗಾಗಿ. ಸರದಿ ತಪ್ಪಿಸುವ ಗಂಡಂದಿರ ಬಗ್ಗೆ ಹೆಂಗಸರು ಅಲ್ಲಿ ಆಡಿಕೊಳ್ಳುವ ಮಾತುಗಳನ್ನು ಇಲ್ಲಿ ಬರೆಯಲಾರೆ.

ಹಿಲ್ಡೆಮನ್ ಎಂಬ ಅಮೆರಿಕದ ವಿಜ್ಞಾನಿ ೧೯೫೯ರಲ್ಲಿ ಈ ವಿಚಿತ್ರ ಪಾಲನೆಯ ಬಗ್ಗೆ ಪ್ರಬಂಧ ಬರೆದನು. ೨೦೧೦ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು ಲೋಳೆಯನ್ನೇ ಪರೀಕ್ಷಿಸಿ ಪ್ರಕಟಿಸಿದ ಸಂಗತಿ ಇನ್ನೂ ಸೋಜಿಗದ್ದು. ಮೊಟ್ಟೆಯಿಟ್ಟ ವೇಳೆಗೆ ಲೋಳೆಯಲ್ಲಿ ಪ್ರೋಟೀನೂ ರೋಗವನ್ನು ತಡೆಯುವ ಪ್ರತಿಕಾಯಗಳೂ ಹೆಚ್ಚುತ್ತವೆ. ಮರಿಗಳು ಬೆಳೆದಂತೆ ಇಳಿಯುತ್ತವೆ. ಸಸ್ತನಿಗಳ ಹಾಲಿಗೂ ಇದಕ್ಕೂ ಹೋಲಿಕೆ ಹೊಳೆಯದಿರದು. ಹಾಲು ತಾಯಿಯದು ಮಾತ್ರ; ಇದು ತಂದೆಯದೂ ಹೌದು.

ಇಂಥದು ಅಮೆಜಾನಿನಲ್ಲಿ ಮಾತ್ರ ಉಂಟೆಂದು ತಿಳಿಯಬಾರದು. ಡಿಸ್ಕಸ್ ಸೇರಿದ ಸಿಕ್ಲಿಡ್ ಕುಟುಂಬದ ಮೂರೇ ಮೂರು ಜಾತಿಗಳು ಭಾರತದ ಸ್ವಂತದವು. ಅವುಗಳಲ್ಲಿ ಒಂದಕ್ಕೆ ನಮ್ಮ ಕರಾವಳಿಯ ಹೆಸರೇ ಅಂಟಿದೆ: ಎಟ್ರೋಪ್ಲಸ್ ಕೆನರೆನ್ಸಿಸ್. ಫ್ರಾನ್ಸಿಸ್ ಡೇ ೧೮೭೭ರಲ್ಲಿ ವರ್ಣಿಸಿದ ಈ ಮೀನು ದಕ್ಷಿಣ ಕನ್ನಡದ ಸಿಹಿನೀರಿನ ಹೊಳೆಗಳದು. ಇನ್ನೊಂದು ಕಿತ್ತಳೆ ಬಣ್ಣದ ಪುಟ್ಟ ಕ್ರೋಮೈಡ್, ದಕ್ಷಿಣ ಭಾರತದ ಹಿನ್ನೀರುಗಳಲ್ಲಿ ಈಜುವಂಥದು. ಅದರ ಮರಿಗಳೂ ತಾಯ್ತಂದೆಯರ ಮೈಯ ಲೋಳೆಯನ್ನು ಕುಕ್ಕಿ ತಿನ್ನುವುದನ್ನು ವಾರ್ಡ್ ಮತ್ತು ಬಾರ್ಲೊ ೧೯೬೭ರಲ್ಲಿ ವಿವರಿಸಿದರು. ೧೯೫೨ರಲ್ಲಿ ಭಾರತಕ್ಕೆ ತರಲಾದ ತಿಲಾಪಿಯ, ಜನ ಜಿಲೇಬಿ ಮೀನೆನ್ನುವುದು, ಇದೇ ಕುಟುಂಬದ್ದು. ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಪಾಡುತ್ತದೆ. ಇದನ್ನು ಹೇಳಿದಾಗ ಕೆರೆಯಲ್ಲಿ ಬಲೆ ಬೀಸುವ ಹಿರಿಯರೊಬ್ಬರು, ಕೊರವ ಮೀನು ತನ್ನ ಕೆಂಪು ಮರಿಗಳ ಉಂಡೆಯ ಕೆಳಗೆ ಕಾವಲಿರುವುದನ್ನು ವರ್ಣಿಸಿ, "ಆಗ ಅದಕ್ಕೆ ಬಲೆ ಹಾಕುವವನಲ್ಲ ನಾನು" ಎಂದರು.

ಒಂದು ವಾರವಾದ ಮೇಲೆ ಮರಿಗಳಿಗೆ ಹೊರಗಿನ ಊಟ ತೋರಿಸಬೇಕು. ಉಪ್ಪುನೀರಿನ ಸೀಗಡಿಯಾದ ಆರ್ಟೀಮಿಯದ ಒಣ ಮೊಟ್ಟೆಗಳು ಡಬ್ಬಿಗಳಲ್ಲಿ ದೊರೆಯುತ್ತವೆ. ಉಪ್ಪು ಬೆರೆಸಿದ ನೀರಿನಲ್ಲಿ ಗಾಳಿಯಾಡಿಸಿದರೆ ಒಂದೂವರೆ ದಿನದೊಳಗೆ ಒಡೆಯುತ್ತವೆ. ಅವುಗಳನ್ನು ತಿಂದ ಮರಿಯ ಹೊಟ್ಟೆ ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡ ದಿನ ಮನೆಯಲ್ಲಿ ಪಾಯಸವಾಯಿತು. ಮೂರನೆಯ ವಾರದಲ್ಲಿ ದೊಡ್ಡ ಮೀನುಗಳು ಮರಿಗಳಿಂದ ಸರಿದು ದೂರ ಈಜುತ್ತವೆ. ಮರಿಗಳು ಬೆನ್ನಟ್ಟುತ್ತವೆ, ಅವು ಇನ್ನಷ್ಟು ಸರಿಯುತ್ತವೆ. ಕಚ್ಚಿಸಿಕೊಂಡ ಮೈಮೇಲೆ ಗಾಯದ ಗುರುತುಗಳೂ ಕಾಣುತ್ತವೆ. ಆಗ ಮರಿಗಳನ್ನು ಬೇರೆ ತೊಟ್ಟಿಗೆ ಬಿಟ್ಟು ದೊಡ್ಡವಕ್ಕೆ ಬಿಡುವು ಕೊಡುವುದು ಒಳ್ಳೆಯದು. ಹೆಚ್ಚಾದ ಮರಿಗಳನ್ನು ಸಾಕುವವರಿಗೆ ಕೊಡಿರಿ. ಕೆರೆಗೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿರಿ.

ಒಂದು ತಿಂಗಳಿಗೆ ಎಣಿಸಿದಾಗ ನಮ್ಮಲ್ಲಿ ಮೂವತ್ತೊಂದು ಮರಿಗಳಿದ್ದವು, ಒಂದೊಂದೂ ಕಾಸಿನಷ್ಟಗಲ. ಹೂಜಿಯನ್ನು ತೊಳೆದು ಮತ್ತೆ ಇಟ್ಟಿದ್ದೇನೆ. ತಾಯ್ತಂದೆಯರು ನಿನ್ನೆಯಿಂದ ಅದರ ಮೈಯನ್ನು ಬಾಯಿಂದ ಉಜ್ಜಿ ಉಜ್ಜಿ ಶುಚಿ ಮಾಡುತ್ತಿವೆ. ಪಂಚೆಯನ್ನು ಇಂದು ಸಂಜೆ ಕಟ್ಟಬೇಕು.